ಕಾಣಿಕೆ ಬಿಟ್ಟು ಮುಲ್ಕಿಗೆ ಹೋದದ್ದು

ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ದೇವಾಲಯದಲ್ಲಿ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ) ಇರುವ ಭಾನುವಾರ ಸಭಾಪಾಲಕರು ಸಮಾಧಾನ, ಅಂದರೆ ಶಾಂತಿಯ ಹಾರೈಕೆ, ಕೊಡುತ್ತಾರೆ. ಅದು ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ ದಾಟಿ ಬರುತ್ತದೆ. ಕೊಡುವವರ ಬಲ ಅಂಗೈ ನಮ್ಮ ಬಲ ಅಂಗೈಗೆ ಸೇರುತ್ತದೆ, ಇಬ್ಬರ ಎಡಗೈಯೂ ಅದನ್ನು ಮುಚ್ಚಿಕೊಳ್ಳುತ್ತದೆ. ಕೇರಳದ ಸಿರಿಯನ್ ಕ್ರೈಸ್ತರಿಂದ ಬಂದ ಪದ್ಧತಿ ಇದು. 1947ರಲ್ಲಿ ಸಿಎಸ್‌ಐ ಸಭೆ ಹುಟ್ಟಿತು, 1950ರಲ್ಲಿ ಬಂದ ಅದರ ಆರಾಧನಾ ಕ್ರಮದಲ್ಲಿ ಇದೂ ಸೇರಿತು. ಕಾಣಿಕೆ ತೆಗೆಯುವುದು ಇದಾದ ಮೇಲೆ. ಮೊದಲು ಸಮಾಧಾನ, ಆಮೇಲೆ ಕಾಣಿಕೆ. ಮತ್ತಾಯ 5ನೇ ಅಧ್ಯಾಯದ 23, 24ನೇ ವಚನಗಳಲ್ಲಿ ಯೇಸು ಹೇಳಿದ ಕ್ರಮವೂ ಅದೇ: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗು, ಮೊದಲು ಸಹೋದರನ ಜೊತೆ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು.

ಅಮ್ಮ ತೀರಿಹೋದ ಮೇಲೆ ಮೂರು ವರ್ಷ ನಾನು ಆ ಸಮಾಧಾನವನ್ನು ತೆಗೆದುಕೊಂಡು ಪಕ್ಕದವರಿಗೆ ಕೊಡುತ್ತಲೇ ಇದ್ದೆ. ಆ ಮೂರು ವರ್ಷವೂ ಮುಲ್ಕಿಯಲ್ಲಿರುವ ಅಕ್ಕ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ.

ಕಾರಣ ಅಮ್ಮನ ಎರಡು ಚಿನ್ನದ ಬಳೆ. ಕೊನೆಯ ದಿನಗಳಲ್ಲಿ ಅಮ್ಮ ಉಡುಪಿಯಲ್ಲಿ ನಮ್ಮ ಜೊತೆಗಿದ್ದರು. ಆಸ್ಪತ್ರೆಗೆ ಸೇರಿಸುವಾಗ ಬಳೆ ಕಳಚಿ ನನ್ನ ಕೈಗೆ ಕೊಟ್ಟು, "ನೀನೇ ಇಟ್ಟುಕೋ" ಎಂದರು. ನಾನು ಇಟ್ಟುಕೊಂಡೆ. ಅಕ್ಕನಿಗೆ ಹೇಳಲಿಲ್ಲ. ಒಂದು ಮದುವೆಯಲ್ಲಿ ಅವಳು ಅದನ್ನು ನನ್ನ ಮಗಳ ಕೈಯಲ್ಲಿ ನೋಡಿದಳು. ಗುರುತು ಹಿಡಿಯುವುದು ಕಷ್ಟವೇ ಇರಲಿಲ್ಲ. ಕಡೆಯುವ ಕಲ್ಲಿಗೆ ತಾಗಿ ತಾಗಿ ಒಂದು ಬಳೆಯ ಅಂಚು ಸೊಟ್ಟ ಆಗಿತ್ತು. ಚಿಕ್ಕಂದಿನಲ್ಲಿ ನಾವಿಬ್ಬರೂ ಆ ಸೊಟ್ಟದ ಮೇಲೆ ಬೆರಳಾಡಿಸಿದವರೇ. ಅಕ್ಕ ಊಟಕ್ಕೂ ನಿಲ್ಲದೆ ಹೊರಟುಹೋದಳು.

ನನ್ನದು ತಪ್ಪಲ್ಲ ಎಂದೇ ನಾನು ನಂಬಿದ್ದೆ. ಅಮ್ಮ ಕೊಟ್ಟದ್ದಲ್ವಾ? ನೋಡಿಕೊಂಡವಳೂ ನಾನೇ ಅಲ್ವಾ? ಈಸ್ಟರಿಗೆ ಮುಂಚಿನ ಒಂದು ತಪಸ್ಸುಕಾಲದಲ್ಲಿ ಪರ್ವತ ಪ್ರಸಂಗವನ್ನು (ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆ) ದಿನಕ್ಕೆ ನಾಲ್ಕೈದು ವಚನದಂತೆ ಓದಲು ಶುರು ಮಾಡಿದೆ. ಕಾಣಿಕೆಯ ಆ ವಚನಕ್ಕೆ ಬಂದಾಗ ಮುಂದೆ ಹೋಗಲು ಆಗಲಿಲ್ಲ. ನಿನಗೆ ಸಹೋದರನ ಮೇಲೆ ಬೇಸರ ಇದ್ದರೆ ಎಂದು ಯೇಸು ಹೇಳುವುದಿಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ, ಎನ್ನುತ್ತಾನೆ. ಯಾರದು ಸರಿ ಎಂಬ ಪ್ರಶ್ನೆಯೇ ಅಲ್ಲಿಲ್ಲ. ಮೂರು ವರ್ಷ ನಾನು ಹಿಡಿದು ಕೂತಿದ್ದ ಪ್ರಶ್ನೆ ಅದೊಂದೇ.

ಇನ್ನೊಂದು ವಿಷಯವೂ ಆಗ ಹೊಳೆಯಿತು. ಯೇಸು ಈ ಮಾತು ಹೇಳಿದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನೂರು ಕಿಲೋಮೀಟರಿಗೂ ಜಾಸ್ತಿ ದೂರ, ಮೂರು ನಾಲ್ಕು ದಿನದ ಕಾಲ್ನಡಿಗೆ. ಅಷ್ಟು ನಡೆದು ಕಾಣಿಕೆ ತಂದವನಿಗೆ ಅದನ್ನು ಅಲ್ಲೇ ಬಿಟ್ಟು ವಾಪಸ್ ಊರಿಗೆ ಹೋಗು, ಒಂದಾಗಿ ಬಾ ಎನ್ನುವುದೆಂದರೆ! ಕೇಳುತ್ತಿದ್ದವರ ಕಾಲು ಆಗಲೇ ನೋಯಲು ಶುರುವಾಗಿರಬೇಕು. ಉಡುಪಿಯಿಂದ ಮುಲ್ಕಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ಗಂಟೆ.

ಆ ಭಾನುವಾರ ಕಾಣಿಕೆ ಕವರನ್ನು ಬ್ಯಾಗಿನಿಂದ ತೆಗೆಯಲಿಲ್ಲ. ಕರ್ತನ ಭೋಜನಕ್ಕೂ ಏಳಲಿಲ್ಲ. ಎಲ್ಲರೂ ಹೀಗೇ ಮಾಡಬೇಕು ಎಂದು ನಾನು ಹೇಳುತ್ತಿಲ್ಲ, ನನಗೆ ಬೇರೆ ದಾರಿ ಕಾಣಲಿಲ್ಲ ಅಷ್ಟೆ. ಆರಾಧನೆ ಮುಗಿದ ಮೇಲೆ ಸಭಾಪಾಲಕರಿಗೆ ವಿಷಯ ಹೇಳಿದೆ. "ಹೋಗಿ. ಆದರೆ ವಿವರಣೆ ತೆಗೆದುಕೊಂಡು ಹೋಗಬೇಡಿ" ಎಂದರು.

ನಾನು ತೆಗೆದುಕೊಂಡೇ ಹೋದೆ. ವಿವರಣೆಯ ಜೊತೆಗೆ ಒಂದು ಬಳೆಯನ್ನೂ. ಆಳಿಗೊಂದು, ಅದೇ ನ್ಯಾಯ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಅಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ನನ್ನ ಕೈಯಲ್ಲಿದ್ದ ಬಳೆ ನೋಡಿದಳು. ಸೊಟ್ಟ ಇಲ್ಲದ್ದು ಅದು.

"ಪಾಲು ಮಾಡ್ಲಿಕ್ಕೆ ಬಂದದ್ದಾ?" ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ. ಆಗಲೂ ಮೊದಲು ಬಂದದ್ದು ಅವಳ ಮೇಲಿನ ಸಿಟ್ಟೇ. ಪಡುಬಿದ್ರಿ ದಾಟಿದ ಮೇಲೆ ನಿಧಾನವಾಗಿ ತಿಳಿಯಿತು. ಅಂದೂ ನಾನೊಬ್ಬಳೇ ನಿರ್ಧಾರ ಮಾಡಿದ್ದೆ, ಈಗ ಒಂದು ಬಳೆ ಕೊಡುವಾಗಲೂ ನಾನೊಬ್ಬಳೇ ನಿರ್ಧಾರ ಮಾಡಿದ್ದೆ. ಬೈಬಲಿನ ಜಕ್ಕಾಯ ನೆನಪಾದ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕು ಪಾಲು ತಿರುಗಿ ಕೊಡುತ್ತೇನೆ ಎಂದವನು. ನಾನು ಅರ್ಧ ಹಿಡಿದುಕೊಂಡು ಹೋಗಿದ್ದೆ.

ಮನೆಯಲ್ಲಿ ಮಗಳ ಹತ್ತಿರ ಕೂತು ಮಾತಾಡಿದೆ. ಅವಳಿಗೆ ಬೇಜಾರಾಯಿತು, ಆಗದೇ ಇರುತ್ತದಾ? ಎರಡು ದಿನ ಬಿಟ್ಟು ಅವಳೇ ಇನ್ನೊಂದು ಬಳೆ ತಂದು ಕೊಟ್ಟಳು. ಮುಂದಿನ ವಾರ ಎರಡನ್ನೂ ಅಮ್ಮನ ಹಳೆಯ ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದೆ. ಬಸ್ಸಿನಲ್ಲಿ ಒಂದೇ ಅಭ್ಯಾಸ ಮಾಡಿದೆ. ಹೇಳುವ ಮಾತಿನಲ್ಲಿ "ಆದರೆ" ಬರಬಾರದು. ವಚನ ಹೇಳಬಾರದು. ಅಮ್ಮ ಏನೆಂದರು ಎಂಬುದನ್ನೂ ಎತ್ತಬಾರದು.

"ಅಕ್ಕ, ನಿನಗೆ ಹೇಳದೆ ಇಟ್ಟುಕೊಂಡೆ. ತಪ್ಪಾಯಿತು. ಇದನ್ನು ಏನು ಮಾಡಬೇಕೋ ನೀನೇ ಹೇಳು."

ಅಷ್ಟು ಹೇಳಿ ಸುಮ್ಮನಾದೆ. ಸುಮ್ಮನಿರುವುದು ಎಷ್ಟು ಕಷ್ಟ! ಅಕ್ಕ ಒಂದು ಗಂಟೆ ಮಾತಾಡಿದಳು. ಬಳೆಯ ವಿಷಯ ಅದರಲ್ಲಿ ಸ್ವಲ್ಪವೇ. ಅಮ್ಮನಿಗೆ ಉಸಿರು ಕಟ್ಟುತ್ತಿದ್ದ ರಾತ್ರಿ ನಾನು ಅವಳಿಗೆ ಫೋನ್ ಮಾಡದೆ ಬೆಳಿಗ್ಗೆಗೆ ಕಾದಿದ್ದೆ. "ನಂಗೆ ಒಂದು ಮಾತು ಹೇಳ್ಬಹುದಿತ್ತಲ್ಲ" ಎಂದು ಮೂರು ಸಲ ಹೇಳಿದಳು. ಅವಳು ನಿದ್ದೆಗೆಡಬಾರದು ಎಂದು ನಾನು ಕಾದದ್ದು. ಬಾಯಿಯವರೆಗೆ ಬಂದ ಆ ಮಾತನ್ನು ನುಂಗಿಕೊಂಡೆ. ಅವಳ ನೋವು ಇದ್ದದ್ದು ಅಲ್ಲಿ, ನನಗೆ ಮೂರು ವರ್ಷ ಗೊತ್ತೇ ಇರಲಿಲ್ಲ.

ಕೊನೆಗೆ ಅಕ್ಕ ಸೊಟ್ಟ ಬಳೆಯ ಅಂಚಿನ ಮೇಲೆ ಹೆಬ್ಬೆರಳು ಓಡಿಸಿದಳು. ಎರಡನ್ನೂ ಕರವಸ್ತ್ರದ ಸಮೇತ ಒಳಗೆ ತೆಗೆದುಕೊಂಡು ಹೋಗಿ ಕಪಾಟಿನಲ್ಲಿಟ್ಟಳು. ತಬ್ಬಿಕೊಳ್ಳಲಿಲ್ಲ. ಚಾ ಮಾಡಿದಳು.

ಬಳೆಗಳು ಈಗಲೂ ಅಲ್ಲೇ ಇವೆ. ಅಕ್ಕ ಇನ್ನೂ ನಮ್ಮ ಮನೆಗೆ ಬಂದಿಲ್ಲ. ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ, ಎತ್ತುತ್ತಾಳೆ. ಮೀನಿನ ರೇಟು, ಮಳೆ, ಅವಳ ಮೊಣಕಾಲು ನೋವು, ಇಷ್ಟೇ ಮಾತು. ಒಂದೊಂದು ಸಲ ಹಳೆಯ ಸಿಟ್ಟು ನನ್ನೊಳಗೆ ತಲೆ ಎತ್ತುತ್ತದೆ. ಆ ದಿನ ಬೇಕೆಂದೇ ಫೋನ್ ಮಾಡುತ್ತೇನೆ.

ಆಮೇಲೆ ಬಂದ ಕರ್ತನ ಭೋಜನದ ಭಾನುವಾರ ಪಕ್ಕದ ಅಜ್ಜಿ ನನ್ನ ಕೈಗೆ ಸಮಾಧಾನ ಕೊಟ್ಟರು. ಒರಟು ಅಂಗೈ, ಬಿಸಿಯಾಗಿತ್ತು. ಬೇಗ ಬಿಡಲು ನನಗೆ ಮನಸ್ಸಾಗಲಿಲ್ಲ. ಆಮೇಲೆ ಕಾಣಿಕೆ ಚೀಲ ಬಂತು. ಬ್ಯಾಗಿನಲ್ಲಿ ಆವತ್ತಿನ ಕವರು ಹಾಗೇ ಇತ್ತು, ಮೂಲೆ ಮಡಚಿ ಹೋಗಿತ್ತು. ಅದನ್ನೇ ಹಾಕಿದೆ.