ಟ್ಯೂಬ್‌ಲೆಸ್ ಎಂಟಿಬಿ ಟಯರ್: ಮೊದಲು ಕೇಸಿಂಗ್, ಬಟನ್ ಆಮೇಲೆ

ಕಲ್ಲು-ಬೇರುಗಳ ಇಳಿಜಾರಿನಲ್ಲಿ ಜೋರಾಗಿ ಮೌಂಟನ್ ಬೈಕ್ (ಎಂಟಿಬಿ) ಓಡಿಸುವವರು ಹೊಸ ಟಯರ್ ಕೈಗೆತ್ತಿಕೊಂಡರೆ ಮೊದಲು ಒತ್ತಿ ನೋಡುವುದು ಮೇಲಿನ ಬಟನ್‌ಗಳನ್ನು, ಅಂದರೆ ನೆಲ ಹಿಡಿಯುವ ರಬ್ಬರ್ ಉಬ್ಬುಗಳನ್ನು. ಎಷ್ಟು ಎತ್ತರ ಇದೆ, ಎಷ್ಟು ಚೂಪಾಗಿದೆ ಎಂದು. ಆದರೆ ಸವಾರಿ ಅರ್ಧ ದಾರಿಯಲ್ಲಿ ನಿಂತು ಸೈಕಲ್ ತಳ್ಳಿಕೊಂಡು ಬರಬೇಕಾಗುವುದು ಬಟನ್ ಸವೆದದ್ದಕ್ಕಲ್ಲ, ಟಯರಿನ ಪಕ್ಕದ ಗೋಡೆ (ಸೈಡ್‌ವಾಲ್) ಸೀಳಿದ್ದಕ್ಕೆ. ಆದ್ದರಿಂದ ಮೊದಲು ಕೇಸಿಂಗ್ ನೋಡಿ, ಆಮೇಲೆ ರಬ್ಬರ್, ಕೊನೆಗೆ ಬಟನ್.

ಕೇಸಿಂಗ್ ಎಂದರೆ ರಬ್ಬರ್ ಒಳಗಿರುವ ನೈಲಾನ್ ದಾರದ ಬಟ್ಟೆ. ಒಂದು ಇಂಚಿನಲ್ಲಿ ಎಷ್ಟು ದಾರ ಇದೆ ಎಂಬುದೇ ಟಿಪಿಐ. ದಾರದ ಸಂಖ್ಯೆ ಹೆಚ್ಚಿದ್ದರೆ ಟಯರ್ ಗಟ್ಟಿ ಎಂದು ತಿಳಿಯಬೇಡಿ. 120 ಟಿಪಿಐ ದಾರ ತೆಳು, ಮೆದುವಾಗಿ ಬಾಗುತ್ತದೆ. 60 ಟಿಪಿಐ ದಾರ ದಪ್ಪ, ಹೊಡೆತ ತಡೆಯುತ್ತದೆ. ಕೆಲವು ಕಂಪನಿಗಳು ಪದರಗಳನ್ನೆಲ್ಲ ಕೂಡಿಸಿ ಲೆಕ್ಕ ಹೇಳುವುದರಿಂದ ಈ ಅಂಕಿ ಹಿಡಿದು ಎರಡು ಬ್ರ್ಯಾಂಡ್‌ಗಳನ್ನು ಹೋಲಿಸುವುದು ವ್ಯರ್ಥ. ಪದರ ಎಷ್ಟಿದೆ ಎಂಬುದು ಮುಖ್ಯ. ಮ್ಯಾಕ್ಸಿಸ್ ಕಂಪನಿಯ ಟಯರ್‌ಗಳಲ್ಲಿ ಎಕ್ಸೋ ಎಂಬ ಕೇಸಿಂಗ್ ಒಂದು ಪದರದ್ದು, ಎಕ್ಸೋ ಪ್ಲಸ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಡಬಲ್‌ಡೌನ್ ಮತ್ತು ಡಿಎಚ್ ಎರಡು ಪದರದವು. ಶ್ವಾಲ್ಬೆಯಲ್ಲಿ ಸೂಪರ್ ಟ್ರೇಲ್, ಸೂಪರ್ ಗ್ರಾವಿಟಿ, ಸೂಪರ್ ಡೌನ್‌ಹಿಲ್. ಕಾಂಟಿನೆಂಟಲ್‌ನಲ್ಲಿ ಟ್ರೇಲ್, ಎಂಡ್ಯೂರೋ, ಡೌನ್‌ಹಿಲ್ ಎಂಬ ಕ್ರಮ.

ಹೆಸರುಗಳ ಗೊಂದಲ ಬೇಡವಾದರೆ ತೂಕ ನೋಡಿ. 29 ಇಂಚಿನ 2.4–2.5 ಅಗಲದ ಟಯರ್ ಸುಮಾರು 1,000 ಗ್ರಾಂ ಇದ್ದರೆ ಅದು ಹಗುರ ಕೇಸಿಂಗ್. 1,100–1,200 ನಡುವಿನದು. 1,300 ದಾಟಿತೆಂದರೆ ಸಾಮಾನ್ಯವಾಗಿ ಎರಡು ಪದರ. ಸವಾರನ ಭಾರವೂ ಕಲ್ಲಿನ ಏಟೂ ಹೆಚ್ಚು ಬೀಳುವುದು ಹಿಂದಿನ ಚಕ್ರಕ್ಕೆ. ಹಾಗಾಗಿ ಮುಂದೆ ನಡುವಿನ ಕೇಸಿಂಗ್, ಹಿಂದೆ ಎರಡು ಪದರದ್ದು ಹಾಕಿ. ಹತ್ತುವಾಗ 200 ಗ್ರಾಂ ಹೆಚ್ಚು ಎಳೆಯಬೇಕಾಗುತ್ತದೆ, ನಿಜ. ಆದರೂ ಬೆಂಗಳೂರು–ರಾಮನಗರ ಸುತ್ತಿನ ಗ್ರಾನೈಟ್ ಬಂಡೆಗಳ ನಡುವೆ ಒಡೆದ ಕಲ್ಲಿನ ಅಂಚು ಸೈಡ್‌ವಾಲ್‌ಗೆ ತಾಗುವಾಗ ಆ 200 ಗ್ರಾಂ ಬೇಕೇ ಬೇಕು.

ರಬ್ಬರ್ ವಿಷಯ ಸರಳ. ಒತ್ತಿದಾಗ ನಿಧಾನವಾಗಿ ಮೊದಲಿನ ಆಕಾರಕ್ಕೆ ಬರುವ ಮೆದು ರಬ್ಬರ್ ಕಲ್ಲಿಗೆ ಅಂಟಿಕೊಳ್ಳುತ್ತದೆ, ಬೇಗ ಸವೆಯುತ್ತದೆ. ಮ್ಯಾಕ್ಸಿಸ್‌ನಲ್ಲಿ ಅತಿ ಮೆದು ಮ್ಯಾಕ್ಸ್‌ಗ್ರಿಪ್, ನಡುವಿನದು ಮ್ಯಾಕ್ಸ್‌ಟೆರಾ. ಶ್ವಾಲ್ಬೆಯ ಆಡಿಕ್ಸ್ ರಬ್ಬರ್‌ನಲ್ಲಿ ನೇರಳೆ ಗೆರೆ ಅತಿ ಮೆದು, ಕಿತ್ತಳೆ ಮೆದು, ನೀಲಿ ಅದಕ್ಕಿಂತ ಗಟ್ಟಿ. ಮುಂದಿನ ಚಕ್ರ ಜಾರಿದರೆ ಸವಾರ ನೆಲಕ್ಕೆ ಬಿದ್ದ ಹಾಗೆಯೇ. ಹಿಂದಿನದು ಜಾರಿದರೆ ಬಹುತೇಕ ಸಾವರಿಸಿಕೊಳ್ಳಬಹುದು. ಅದಕ್ಕೇ ಮುಂದೆ ಮೆದು, ಹಿಂದೆ ನಡುವಿನದು. ಮನೆಯಿಂದ ಕಾಡು-ಗುಡ್ಡದ ಟ್ರೇಲ್‌ವರೆಗೆ 15–20 ಕಿ.ಮೀ. ಟಾರು ರಸ್ತೆಯಲ್ಲೇ ತುಳಿದು ಹೋಗುವವರು ಹಿಂದಿನ ಚಕ್ರಕ್ಕೆ ಮ್ಯಾಕ್ಸ್‌ಗ್ರಿಪ್ ಹಾಕಲೇಬಾರದು. ನಡುಸಾಲಿನ ಬಟನ್‌ಗಳು ಟಾರಿಗೇ ಮುಗಿದುಹೋಗುತ್ತವೆ.

ಈಗ ಬಟನ್. ಮುಂದಿನ ಚಕ್ರಕ್ಕೆ ಮ್ಯಾಕ್ಸಿಸ್‌ನ ಅಸೆಗೈ, ಶ್ವಾಲ್ಬೆಯ ಮ್ಯಾಜಿಕ್ ಮೇರಿ ಅಥವಾ ಕಾಂಟಿನೆಂಟಲ್ ಕ್ರಿಪ್ಟೋಟಲ್‌ನ ಮುಂಚಕ್ರದ ಮಾದರಿ. ಹಿಂದಿನ ಚಕ್ರಕ್ಕೆ ಅದೇ ಕಂಪನಿಗಳ ಡಿಎಚ್‌ಆರ್ 2, ಬಿಗ್ ಬೆಟ್ಟಿ ಅಥವಾ ಕ್ರಿಪ್ಟೋಟಲ್‌ನ ಹಿಂಚಕ್ರದ ಮಾದರಿ ಎಂದರೆ ಹೆಚ್ಚಿನ ನೆಲಗಳಿಗೆ ಸಾಕು. ಮ್ಯಾಕ್ಸಿಸ್‌ನ ಮಿನಿಯನ್ ಡಿಎಚ್‌ಎಫ್‌ನಲ್ಲಿ ನಡುಸಾಲಿಗೂ ಅಂಚಿನ ಸಾಲಿಗೂ ನಡುವೆ ಖಾಲಿ ಜಾಗ ಇದೆ. ತಿರುವಿನಲ್ಲಿ ಸೈಕಲ್ಲನ್ನು ಧೈರ್ಯವಾಗಿ ವಾಲಿಸಿದರೆ ಅಂಚಿನ ಬಟನ್ ಗಟ್ಟಿಯಾಗಿ ಹಿಡಿಯುತ್ತದೆ, ಅರ್ಧಂಬರ್ಧ ವಾಲಿಸಿದರೆ ಜಾರಿದ ಅನುಭವ. ಅಸೆಗೈನಲ್ಲಿ ಆ ಜಾಗಕ್ಕೂ ಬಟನ್ ಕೂರಿಸಿದ್ದಾರೆ. ಉರುಳುವುದು ನಿಧಾನ, ಆದರೆ ಹಿಡಿತ ಎಲ್ಲೂ ತಪ್ಪುವುದಿಲ್ಲ. ಮಳೆಗಾಲದ ಮಲೆನಾಡಿನ ಅಂಟು ಕೆಂಪು ಮಣ್ಣಿಗೆ ಎತ್ತರದ, ದೂರ ದೂರ ಇರುವ ಬಟನ್‌ಗಳ ಶಾರ್ಟಿ ಅಥವಾ ಆರ್ಗೋಟಲ್ ಟಯರ್ ಚೆನ್ನ. ಅದನ್ನೇ ಒಣ ಬಂಡೆಯ ಮೇಲೆ ಓಡಿಸಿದರೆ ಬಟನ್ ಮಡಚಿಕೊಂಡು ಸೈಕಲ್ ತೇಲಿದಂತಾಗುತ್ತದೆ, ಬುಡವೂ ಬಿರಿಯುತ್ತದೆ.

ಕೊಳ್ಳುವ ಮುನ್ನ ಸೈಡ್‌ವಾಲ್ ಓದಿ. 63-622 ಎಂದಿದ್ದರೆ ಅಗಲ 63 ಮಿ.ಮೀ., ರಿಮ್ 29 ಇಂಚಿನದು. 584 ಎಂದರೆ 27.5 ಇಂಚು, 559 ಎಂದರೆ 26. 2.4–2.5 ಟಯರಿಗೆ ರಿಮ್‌ನ ಒಳ ಅಗಲ ಸುಮಾರು 30 ಮಿ.ಮೀ. ಇದ್ದರೆ ಆಕಾರ ಸರಿಯಾಗಿ ಕೂರುತ್ತದೆ. ‘ಟ್ಯೂಬ್‌ಲೆಸ್ ರೆಡಿ’ ಎಂದು ಬರೆದಿಲ್ಲದ ಟಯರ್‌ಗೆ ಸೀಲಂಟ್ (ತೂತು ಮುಚ್ಚುವ ದ್ರವ) ಸುರಿದು ಓಡಿಸುವ ಪ್ರಯೋಗ ಬೇಡ. ಬೀಡ್ (ರಿಮ್‌ಗೆ ಕಚ್ಚಿ ಕೂರುವ ಟಯರಿನ ಅಂಚು) ರಿಮ್‌ನಿಂದ ಕಳಚಿ ಹಾರಬಹುದು.

ಜೋಡಿಸುವಾಗ

ಹೆಚ್ಚಿನ ಸೋರಿಕೆಗೆ ಕಾರಣ ಟಯರ್ ಅಲ್ಲ, ರಿಮ್‌ನ ಸ್ಪೋಕ್ ತೂತುಗಳನ್ನು ಮುಚ್ಚುವ ರಿಮ್ ಟೇಪ್. ಒಳ ಅಗಲಕ್ಕಿಂತ 2–3 ಮಿ.ಮೀ. ಹೆಚ್ಚು ಅಗಲದ ಟೇಪ್ ತನ್ನಿ. ರಿಮ್ಮನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ವಾಲ್ವ್ ತೂತಿನ ಎದುರು ಬದಿಯಿಂದ ಶುರುಮಾಡಿ, ಬಿಗಿಯಾಗಿ ಎಳೆಯುತ್ತಾ ಸುತ್ತಿ. ಕೊನೆಯಲ್ಲಿ 10–15 ಸೆಂ.ಮೀ. ಒಂದರ ಮೇಲೊಂದು ಬರಲಿ. ವಾಲ್ವ್ ತೂತನ್ನು ಬ್ಲೇಡಿನಿಂದ ಕೊಯ್ದರೆ ಆ ಸೀಳು ಬೆಳೆಯುತ್ತಾ ಹೋಗುತ್ತದೆ. ಕಾಯಿಸಿದ ಮೊಳೆಯಿಂದ ದುಂಡಗೆ ಚುಚ್ಚಿ.

ಮೊದಲು ಸೀಲಂಟ್ ಇಲ್ಲದೆ ಕೂರಿಸಿ. ಟಯರ್ ಮೇಲಿನ ಬಾಣದ ದಿಕ್ಕು ನೋಡಿ ಹಾಕಿ, ಬೀಡ್‌ಗೆ ಸೋಪು ನೀರು ಸವರಿ, ವಾಲ್ವ್ ಕೋರ್ (ವಾಲ್ವ್ ಒಳಗಿನ ತಿರುಪಿನ ತುಂಡು) ಬಿಚ್ಚಿ, ಬಿಡದೆ ಜೋರಾಗಿ ಗಾಳಿ ಹೊಡೆಯಿರಿ. ಪಟ್ ಪಟ್ ಎಂದು ಬೀಡ್ ಕೂರುವ ಸದ್ದು ಕೇಳಬೇಕು. ರಿಮ್ ಮತ್ತು ಟಯರ್ ಮೇಲೆ ಬರೆದ ಗಾಳಿಯ ಒತ್ತಡದ ಮಿತಿಗಳಲ್ಲಿ ಕಡಿಮೆ ಇರುವುದನ್ನು ಯಾವ ಕಾರಣಕ್ಕೂ ದಾಟಬೇಡಿ. ಕೂರದಿದ್ದರೆ ಒಳಗೆ ಟ್ಯೂಬ್ ಹಾಕಿ ಗಾಳಿ ತುಂಬಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಒಂದೇ ಬದಿಯ ಬೀಡ್ ಬಿಚ್ಚಿ ಟ್ಯೂಬ್ ತೆಗೆಯಿರಿ. ಇನ್ನೊಂದು ಬದಿ ಕೂತೇ ಇರುವುದರಿಂದ ಮಾಮೂಲಿ ಪಂಪಿಗೂ ಒಲಿಯುತ್ತದೆ.

ಕೂತ ಮೇಲೆ ಗಾಳಿ ಬಿಟ್ಟು, ಬಾಟಲಿ ಚೆನ್ನಾಗಿ ಕುಲುಕಿ (ರಂಧ್ರ ಮುಚ್ಚುವ ಕಣಗಳು ತಳದಲ್ಲಿರುತ್ತವೆ), 29×2.5 ಟಯರಿಗೆ 100–120 ಮಿ.ಲೀ. ಸೀಲಂಟ್ ವಾಲ್ವ್ ಮೂಲಕ ಹಾಕಿ. ಕೋರ್ ಸೇರಿಸಿ ಗಾಳಿ ತುಂಬಿ, ಚಕ್ರ ತಿರುಗಿಸಿ, ಒಂದೊಂದು ಬದಿಗೆ ಹತ್ತು ನಿಮಿಷ ಬಕೆಟ್ ಮೇಲೆ ಮಲಗಿಸಿ. ಆಮೇಲೂ ಗಾಳಿ ಇಳಿಯುತ್ತಿದ್ದರೆ ಸೋಪು ನೀರು ಸುರಿದು ನೋಡಿ: ಸ್ಪೋಕ್ ಬುಡದಲ್ಲಿ ಗುಳ್ಳೆ ಬಂದರೆ ಟೇಪ್ ತಪ್ಪಿದೆ, ಪೂರ್ತಿ ಬಿಚ್ಚಿ ಹೊಸದಾಗಿ ಸುತ್ತಬೇಕು. ಸೈಡ್‌ವಾಲ್‌ನಲ್ಲಿ ಸಣ್ಣ ಹನಿಗಳು ಜಿನುಗಿದರೆ ಚಿಂತೆಯಿಲ್ಲ, ಒಂದೆರಡು ಸವಾರಿಯಲ್ಲಿ ನಿಲ್ಲುತ್ತದೆ.

ಗಾಳಿ ಎಷ್ಟು?

75 ಕೆ.ಜಿ. ಸವಾರ ಮುಂದೆ 22, ಹಿಂದೆ 25 ಪಿಎಸ್‌ಐನಿಂದ (ಗಾಳಿಯ ಒತ್ತಡದ ಅಳತೆ) ಆರಂಭಿಸಲಿ. ಹತ್ತು ಕೆ.ಜಿ.ಗೆ ಒಂದೆರಡು ಪಿಎಸ್‌ಐ ಏರಿಸಿ ಅಥವಾ ಇಳಿಸಿ. ಪಂಪಿನ ಮುಳ್ಳು ಈ ಮಟ್ಟದಲ್ಲಿ ನಂಬುವಂಥದ್ದಲ್ಲ. ಡಿಜಿಟಲ್ ಗೇಜ್ ಕೊಳ್ಳಿ. ಕಲ್ಲಿಗೆ ರಿಮ್ ಬಡಿದ ಸದ್ದು ಬಂದರೆ 2 ಪಿಎಸ್‌ಐ ಏರಿಸಿ. ತಿರುವಿನಲ್ಲಿ ಬೀಡ್ ಸಡಿಲಿ ‘ಬುಸ್’ ಎಂದು ಗಾಳಿ ಹೊರಬಂದರೆ, ಟಯರ್ ಪಕ್ಕಕ್ಕೆ ಮಡಚಿದಂತಾದರೆ ಆಗಲೂ ಏರಿಸಿ. ಬೇರು-ಕಲ್ಲಿನ ಮೇಲೆ ಚೆಂಡಿನಂತೆ ಪುಟಿದರೆ ಇಳಿಸಿ. 30 ದಾಟಿದರೂ ರಿಮ್ ಬಡಿಯುತ್ತಿದ್ದರೆ ಗಾಳಿಯ ಲೆಕ್ಕ ಸಾಕು ಮಾಡಿ, ಕೇಸಿಂಗ್ ಬದಲಿಸಿ ಅಥವಾ ಒಳಗೆ ರಿಮ್‌ಗೆ ಮೆತ್ತೆಯಾಗುವ ಫೋಮ್ ಇನ್ಸರ್ಟ್ ಹಾಕಿ.

ನಮ್ಮ ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳೇ ದೊಡ್ಡ ಶತ್ರು. ಸೀಲಂಟ್ ಹಸಿ ಇದ್ದರೆ ಮುಳ್ಳಿನ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಮುಳ್ಳು ಕಿತ್ತು, ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಹಿಡಿಯಿರಿ. ಬೇಸಿಗೆಯಲ್ಲಿ ಸೀಲಂಟ್ ಬೇಗ ಒಣಗುವುದರಿಂದ ಆರೆಂಟು ವಾರಕ್ಕೊಮ್ಮೆ ಚಕ್ರ ಕುಲುಕಿ ಕೇಳಿ. ಒಳಗೆ ತುಳುಕುವ ಸದ್ದಿಲ್ಲದಿದ್ದರೆ 60 ಮಿ.ಲೀ. ಸೇರಿಸಿ. ದೊಡ್ಡ ತೂತಿಗೆ ಪ್ಲಗ್ (ತೂತಿಗೆ ತುರುಕುವ ರಬ್ಬರ್ ಪಟ್ಟಿ) ಹಿಡಿಯುತ್ತದೆ, ಸೈಡ್‌ವಾಲ್ ಸೀಳಿಗೆ ಅನೇಕ ಸಲ ಹಿಡಿಯುವುದಿಲ್ಲ. ಅದಕ್ಕೆ ಒಳಗಿನಿಂದ ಹಳೆ ಟಯರಿನ ತುಂಡು ಇಟ್ಟು ಟ್ಯೂಬ್ ಹಾಕಬೇಕು. ಟ್ಯೂಬ್ ಹಾಕುವ ಮುನ್ನ ಒಳಗೆಲ್ಲ ಬಟ್ಟೆಯಿಂದ ಒರೆಸಿ ನೋಡಿ: ಸೀಲಂಟ್ ಸದ್ದಿಲ್ಲದೆ ಮುಚ್ಚಿಟ್ಟ ಹಳೆಯ ಮುಳ್ಳುಗಳು ಅಲ್ಲೇ ಚುಚ್ಚಿಕೊಂಡಿರುತ್ತವೆ, ಹೊಸ ಟ್ಯೂಬನ್ನು ನೂರು ಮೀಟರಿನಲ್ಲೇ ತೂತು ಮಾಡುತ್ತವೆ.

ಅಂಚಿನ ಬಟನ್‌ಗಳ ಬುಡ ಬಿರಿದಿದ್ದರೆ, ದಾರ ಕಾಣಿಸಿದರೆ, ತಿರುಗಿಸಿದಾಗ ಟಯರ್ ಅತ್ತಿತ್ತ ಓಲಾಡಿದರೆ ಬದಲಿಸಿ. ನಡುಸಾಲಿನ ಬಟನ್ ಎಷ್ಟೇ ಉಳಿದಿರಲಿ.