ಆರು ವೋಲ್ಟ್ ಬ್ಯಾಟರಿ ಕೂರಿಸುವ ಮುನ್ನ ಕೇಬಲ್ ನೋಡಿ

ಆರು ವೋಲ್ಟಿನ ಹಳೆಯ ಕಾರಿನ ಸೆಲ್ಫ್ ಒತ್ತಿದಾಗ ಎಂಜಿನ್ ಎಳೆದೆಳೆದು ತಿರುಗಿದರೆ ಬೈಗುಳವೆಲ್ಲ ಬ್ಯಾಟರಿಗೆ. ಗೆಳೆಯರೊಬ್ಬರು ಎರಡು ವರ್ಷದಲ್ಲಿ ಮೂರು ಬ್ಯಾಟರಿ ಬದಲಿಸಿದರು. ಕೊನೆಗೊಂದು ದಿನ ಅರ್ತ್ ಕೇಬಲ್ (ಬ್ಯಾಟರಿಯನ್ನು ಕಾರಿನ ಲೋಹದ ಮೈಗೆ ಸೇರಿಸುವ ಕೇಬಲ್) ಬಿಚ್ಚಿ ನೋಡಿದರೆ, ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆಯ) ಕೆಳಗೆ ಕಾರಿಗೆ ಹೊಸದಾಗಿ ಹೊಡೆದ ಬಣ್ಣ ಹಾಗೇ ಕೂತಿತ್ತು. ಕೆರೆದು ಬಿಗಿದ ಮೇಲೆ ಎಂಜಿನ್ ಒಂದೇ ಒತ್ತಿಗೆ ಹತ್ತಿತು. ಮೊದಲನೆಯ ಬ್ಯಾಟರಿಯೇ ಸಾಕಿತ್ತು.

1. ಹಳೆಯದನ್ನು ತೆಗೆಯುವುದು

ಅರ್ತ್ ಕಡೆಯ ಕ್ಲಾಂಪ್ ಮೊದಲು ಬಿಚ್ಚಿ, ಇನ್ನೊಂದು ಆಮೇಲೆ. ಬ್ಯಾಟರಿ ಕೂರುವ ತಟ್ಟೆಯನ್ನು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಒಣಗಿಸಿ.

2. ಪ್ಲಸ್ಸೋ ಮೈನಸ್ಸೋ?

ಈಗಿನ ಕಾರುಗಳಲ್ಲಿ ಲೋಹದ ಮೈಗೆ ಸೇರುವುದು ಮೈನಸ್. ಹಳೆಯವುಗಳಲ್ಲಿ ಹಾಗೆಂದು ನಂಬಬೇಡಿ. 1928ರಿಂದ 1931ರವರೆಗೆ ಬಂದ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಮೈಗೆ ಸೇರುವುದು ಪ್ಲಸ್. ಆರು ವೋಲ್ಟಿನ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಮೈನಸ್. ಕೇಬಲ್ಲಿನ ಕೆಂಪು, ಕಪ್ಪು ಬಣ್ಣ ನೋಡಿ ತೀರ್ಮಾನಿಸಬೇಡಿ, ಯಾರು ಯಾವಾಗ ಬದಲಿಸಿದ್ದರೋ. ಆ ಕಾರಿನ ವರ್ಕ್‌ಶಾಪ್ ಪುಸ್ತಕವೇ ಪ್ರಮಾಣ. ಬ್ಯಾಟರಿಯ ಪ್ಲಸ್ ಕಂಬ ಮೈನಸ್ಸಿಗಿಂತ ತುಸು ದಪ್ಪ. ಹಾಗಾಗಿ ಕ್ಲಾಂಪ್ ಇಳಿಯದಿದ್ದರೆ ಸುತ್ತಿಗೆ ತೆಗೆದುಕೊಳ್ಳುವ ಮೊದಲು ಇನ್ನೊಮ್ಮೆ ಯೋಚಿಸಿ. ಅದಲುಬದಲಾಗಿ ಹಾಕಿದ್ದೇ ಆದರೆ ಬ್ಯಾಟರಿ ತುಂಬುವ ಡೈನಮೊವನ್ನು ಮತ್ತೆ ಪೋಲರೈಸ್ ಮಾಡಬೇಕಾದೀತು, ಅಂದರೆ ಅದರ ಪ್ಲಸ್-ಮೈನಸ್ ದಿಕ್ಕನ್ನು ಸರಿಪಡಿಸಬೇಕಾದೀತು. ಅದರ ಕ್ರಮ ರೆಗ್ಯುಲೇಟರಿನಿಂದ (ಡೈನಮೊದ ವೋಲ್ಟೇಜನ್ನು ಹತೋಟಿಯಲ್ಲಿಡುವ ಸಾಧನ) ರೆಗ್ಯುಲೇಟರಿಗೆ ಬೇರೆ, ಅದಕ್ಕೂ ಪುಸ್ತಕವನ್ನೇ ನೋಡಿ.

3. ಕೇಬಲ್ ಮತ್ತು ಅರ್ತ್

ಹೆಚ್ಚಿನವರು ಸೋಲುವುದು ಇಲ್ಲೇ. ಒಂದೇ ಶಕ್ತಿಯ ಸ್ಟಾರ್ಟರ್‌ಗೆ (ಸೆಲ್ಫ್ ಒತ್ತಿದಾಗ ಎಂಜಿನ್ ತಿರುಗಿಸುವ ಮೋಟಾರಿಗೆ) ಹನ್ನೆರಡು ವೋಲ್ಟಿನಲ್ಲಿ ಹರಿಯುವ ಕರೆಂಟಿನ ಎರಡರಷ್ಟು ಆರು ವೋಲ್ಟಿನಲ್ಲಿ ಹರಿಯಬೇಕು. ಅಲ್ಲಿ ಅರ್ಧ ವೋಲ್ಟ್ ನುಂಗುವ ಕೇಬಲ್ ಇಲ್ಲಿ ಒಂದು ವೋಲ್ಟ್ ನುಂಗುತ್ತದೆ. ಹನ್ನೆರಡರಲ್ಲಿ ಅರ್ಧ ಹೋದರೆ ಗೊತ್ತೂ ಆಗದು, ಆರರಲ್ಲಿ ಒಂದು ಹೋದರೆ ಸ್ಟಾರ್ಟರ್ ಸೋಲುತ್ತದೆ.

ಆದ್ದರಿಂದ ಹನ್ನೆರಡು ವೋಲ್ಟ್ ಕಾರಿನ ಸಿದ್ಧ ಕೇಬಲ್ ತಂದು ಹಾಕಲೇಬೇಡಿ. ತಾಮ್ರದ ಅಡ್ಡಕೊಯ್ತ ಕನಿಷ್ಠ 50 ಚದರ ಮಿ.ಮೀ. ಇರಲಿ, ನಾನು 70 ಹಾಕುತ್ತೇನೆ. ದಪ್ಪವನ್ನು ಹೊರಗಿನಿಂದ ಅಳೆಯಬೇಡಿ. ಮೇಲೆ ರಬ್ಬರ್ ದಪ್ಪ, ಒಳಗೆ ನಾಲ್ಕು ಎಳೆ ತಂತಿ ಇರುವ ಕೇಬಲ್ ಬೇಕಾದಷ್ಟು ಮಾರಾಟಕ್ಕಿದೆ. ತುದಿ ಕತ್ತರಿಸಿ ತೋರಿಸಲು ಒಪ್ಪದವರಿಂದ ಕೊಳ್ಳಬೇಡಿ. ಎರಡು ಬೋಲ್ಟಿನಡಿ ತಂತಿ ಹಿಸುಕುವ ಅಗ್ಗದ ಕ್ಲಾಂಪ್ ಕೂಡ ಬೇಡ, ಲಗ್ಗನ್ನು ಯಂತ್ರದಲ್ಲಿ ಒತ್ತಿ ಕೂರಿಸಿದ್ದೇ ಆಗಬೇಕು.

ಅರ್ತ್ ಕೂರುವ ಜಾಗದಲ್ಲಿ ಬಣ್ಣ, ತುಕ್ಕು, ಗ್ರೀಸ್ ಎಲ್ಲ ಕೆರೆದು ಲೋಹ ಹೊಳೆಯುವಂತೆ ಉಪ್ಪುಕಾಗದದಿಂದ ತಿಕ್ಕಿ. ಎಂಜಿನ್ ರಬ್ಬರ್ ಮೇಲೆ ಕೂತಿದ್ದರೆ ಚಾಸಿಯವರೆಗೆ ಬಂದ ಅರ್ತ್ ಎಂಜಿನ್ನಿಗೆ ಮುಟ್ಟಿಲ್ಲ ಎಂದೇ ಅರ್ಥ. ಎಂಜಿನ್ ಮತ್ತು ಚಾಸಿ ನಡುವೆ ಹೆಣೆದ ತಾಮ್ರದ ಪಟ್ಟಿ ಇದೆಯೇ, ಹರಿದಿದೆಯೇ ನೋಡಿ. ಬ್ಯಾಟರಿ ಕೂರಿಸಿದ ಮೇಲೆ ಪರೀಕ್ಷೆ ಸುಲಭ. ಎಂಜಿನ್ ಹತ್ತದಂತೆ ಇಗ್ನಿಷನ್ ಕಾಯಿಲಿಗೆ ಬರುವ ತಂತಿ ಬಿಚ್ಚಿಟ್ಟು ಒಬ್ಬರಿಂದ ಸೆಲ್ಫ್ ಒತ್ತಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ಕಂಬಕ್ಕೆ (ಕ್ಲಾಂಪಿಗಲ್ಲ, ಕಂಬಕ್ಕೇ), ಇನ್ನೊಂದು ಎಂಜಿನ್ ಬ್ಲಾಕಿಗೆ. ಎಂಜಿನ್ ತಿರುಗುವಾಗ 0.2 ವೋಲ್ಟ್ ದಾಟಿದರೆ ಆ ದಾರಿಯಲ್ಲೆಲ್ಲೋ ದೋಷವಿದೆ. ಇದನ್ನೇ ಅರ್ತ್ ಅಲ್ಲದ ಇನ್ನೊಂದು ಕಂಬ ಮತ್ತು ಸ್ಟಾರ್ಟರಿನ ಬೋಲ್ಟ್ ನಡುವೆಯೂ ನೋಡಿ.

ಇದಕ್ಕೆಲ್ಲ ಬೇಸತ್ತು ಎಂಟು ವೋಲ್ಟ್ ಬ್ಯಾಟರಿ ಹಾಕುವವರಿದ್ದಾರೆ. ಎಂಜಿನ್ ಚುರುಕಾಗಿ ತಿರುಗುತ್ತದೆ, ನಿಜ. ಆದರೆ ಬಲ್ಬುಗಳು ಬೇಗ ಸುಡುತ್ತವೆ, ಆರಕ್ಕೆ ಹೊಂದಿಸಿದ ರೆಗ್ಯುಲೇಟರ್ ಎಂಟರ ಬ್ಯಾಟರಿಯನ್ನು ಎಂದೂ ತುಂಬಲಾರದು.

4. ಚಾರ್ಜ್

ಕಾರಿನ ಹೊರಗೆ, ಗಾಳಿಯಾಡುವ ಕಡೆ ಇಟ್ಟು ಮಾಡಿ. ಚಾರ್ಜಾಗುವಾಗ ಹೊರಬರುವ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು. ಚಾರ್ಜರಿನಲ್ಲಿ 6 ವೋಲ್ಟ್ ಸ್ವಿಚ್ ಇರಲೇಬೇಕು, ಒತ್ತುವ ಮೊದಲು ಎರಡು ಸಲ ನೋಡಿ. ತಾನೇ ಆರೋ ಹನ್ನೆರಡೋ ಎಂದು ಊಹಿಸುವ ಚಾರ್ಜರ್ ನನಗೆ ಬೇಡ. 12ರಲ್ಲಿ ಬಿಟ್ಟರೆ ಬ್ಯಾಟರಿ ಕುದಿದು ಕೆಡುತ್ತದೆ.

ಬ್ಯಾಟರಿಯೊಳಗಿನ ಸೀಸದ ತಟ್ಟೆಗಳು ಮುಳುಗದಿದ್ದರೆ ಮುಳುಗುವಷ್ಟೇ ಡಿಸ್ಟಿಲ್ಡ್ ನೀರು ಹಾಕಿ. ಗುರುತಿನವರೆಗೆ ತುಂಬುವುದು ಚಾರ್ಜ್ ಮುಗಿದ ಮೇಲೆ, ಏಕೆಂದರೆ ಚಾರ್ಜಾಗುತ್ತ ಮಟ್ಟ ಏರುತ್ತದೆ. ಕ್ಲಿಪ್ ಸಿಕ್ಕಿಸಿದ ನಂತರವೇ ಕರೆಂಟ್ ಹಾಕಿ. ತೆಗೆಯುವಾಗ ಮೊದಲು ಕರೆಂಟ್ ಆರಿಸಿ. 100 ಆಂಪಿಯರ್-ಗಂಟೆಯ ಬ್ಯಾಟರಿಗೆ 10 ಆಂಪಿಯರ್ ಮೀರಬಾರದು. ನಾನಂತೂ 5ರಲ್ಲಿ ಇಟ್ಟು ರಾತ್ರಿಯಿಡೀ ಬಿಡದೆ, ಹಗಲಲ್ಲೇ ಕಣ್ಣೆದುರು ಮಾಡುತ್ತೇನೆ.

ಕೊನೆಗೆ ಹೈಡ್ರೋಮೀಟರ್, ಅಂದರೆ ಆಸಿಡ್ ಎಷ್ಟು ಸಾಂದ್ರ ಎಂದು ತೋರಿಸುವ ಸಾಧನ. ಮೂರೂ ಸೆಲ್ಲುಗಳಲ್ಲಿ 1.265ರ ಆಸುಪಾಸು ಬಂದು, ಗಂಟೆಗೊಂದರಂತೆ ಮೂರು ಸಲ ನೋಡಿದರೂ ಏರದಿದ್ದರೆ ತುಂಬಿದೆ. ಒಂದು ಸೆಲ್ ಮಾತ್ರ ಬಹಳ ಕೆಳಗಿದ್ದರೆ ಆ ಬ್ಯಾಟರಿಯ ಆಸೆ ಬಿಡಿ. ಕೆಲವು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿದರೆ 6.3ಕ್ಕಿಂತ ಮೇಲಿರಬೇಕು, 6.1 ಎಂದರೆ ಅರ್ಧ ಮಾತ್ರ.

5. ಕೂರಿಸುವುದು

ಬ್ಯಾಟರಿಯನ್ನು ಅಲುಗದಂತೆ ಹಿಡಿದಿಡುವ ಪಟ್ಟಿ ಬಿಗಿದು, ಅರ್ತನ್ನು ಕೊನೆಯಲ್ಲಿ ಹಾಕಿ. ಕ್ಲಾಂಪ್ ಬಿಗಿದ ಮೇಲೆ ವ್ಯಾಸಲಿನ್ ಸವರಿ, ಮೊದಲಲ್ಲ. ಬೀಟಲ್ ಇದ್ದವರಿಗೆ ಇನ್ನೊಂದು ಮಾತು: ಬ್ಯಾಟರಿ ಹಿಂದಿನ ಸೀಟಿನಡಿ ಇರುತ್ತದೆ. ಮುಚ್ಚಳವಿಲ್ಲದೆ ಯಾರಾದರೂ ಕೂತರೆ ಸೀಟಿನ ಸ್ಪ್ರಿಂಗ್ ಕಂಬಗಳಿಗೆ ತಗುಲಿ ಬೆಂಕಿ ಹೊತ್ತಬಹುದು. ಮುಚ್ಚಳ ಹಾಕಿಯೇ ಸೀಟು ಇಳಿಸಿ.

ಆಮೇಲೆ ಎರಡು ಮೂರು ಸಲ ಸೆಲ್ಫ್ ಒತ್ತಿ, ಪ್ರತಿ ಕ್ಲಾಂಪನ್ನೂ ಲಗ್ಗನ್ನೂ ಮುಟ್ಟಿ ನೋಡಿ. ಯಾವುದು ಬೆಚ್ಚಗಿದೆಯೋ ಅದನ್ನು ಬಿಚ್ಚಿ ಮತ್ತೆ ತಿಕ್ಕಿ.