ಓಡುವಾಗ ಎಷ್ಟು ನೀರು? ತೂಕದ ಮಷೀನನ್ನೇ ಕೇಳಿ

ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಬೆಳಿಗ್ಗೆ ಆರಕ್ಕೆ ಓಡಲು ಹೊರಟರೂ ಹತ್ತೇ ನಿಮಿಷದಲ್ಲಿ ಬನಿಯನ್ ಮೈಗೆ ಅಂಟಿಕೊಳ್ಳುತ್ತದೆ. ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ. ಬೆವರು ಆರದಿದ್ದರೆ ಮೈ ತಣಿಯದು, ಹಾಗಾಗಿ ಇನ್ನಷ್ಟು ಬೆವರುತ್ತೇವೆ. ಬೆಂಗಳೂರಿನಲ್ಲಿ ಓಡುವ ಗೆಳೆಯನ ನೀರಿನ ಲೆಕ್ಕ ಇಲ್ಲಿ ನಡೆಯದು. ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ, ಒಂದು ಬೆಳಗಿನ ಕೆಲಸ.

ಹೊರಡುವ ಮುಂಚೆ ಮೂತ್ರಕ್ಕೆ ಹೋಗಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. 62.4 ಕಿಲೋ ಬಂತೆನ್ನಿ. ಬಾಟಲಿಯಲ್ಲಿ ಅಳೆದು ನೀರು ಒಯ್ಯಿರಿ. ಒಂದು ಗಂಟೆ ಓಡಿ ಬಂದು, ಮೈ ಒರೆಸಿಕೊಂಡು, ಬೆವರಿದ ಬಟ್ಟೆ ತೆಗೆದು ಮತ್ತೆ ತೂಗಿ. 61.5 ಇದ್ದರೆ ಇಳಿದದ್ದು 900 ಗ್ರಾಂ. ದಾರಿಯಲ್ಲಿ ಕುಡಿದ 300 ಮಿ.ಲೀ. ಅದಕ್ಕೆ ಸೇರಿಸಿ. ಗಂಟೆಗೆ ಸುಮಾರು 1.2 ಲೀಟರ್ ಬೆವರು ಹೋಗಿದೆ.

ಅಷ್ಟನ್ನೂ ಓಡುತ್ತಲೇ ಕುಡಿಯಬೇಕಿಲ್ಲ. ತೂಕ ಶೇ 2ಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಂಡರೆ ಸಾಕು. 15–20 ನಿಮಿಷಕ್ಕೊಮ್ಮೆ ನಾಲ್ಕೈದು ಗುಟುಕು ಕುಡಿಯಿರಿ. ಮನೆಗೆ ಬಂದ ಮೇಲೆ, ಇಳಿದ ಪ್ರತಿ ಕಿಲೋಗೆ ಒಂದೂಕಾಲು ಲೀಟರಿನಂತೆ ಎರಡು ಮೂರು ಗಂಟೆಯಲ್ಲಿ ನಿಧಾನವಾಗಿ ತುಂಬಿಕೊಳ್ಳಿ.

ಒಂದು ಗಂಟೆಯೊಳಗಿನ ಓಟಕ್ಕೆ ಬರೀ ನೀರು ಸಾಕು. ಅದಕ್ಕಿಂತ ಹೆಚ್ಚಾದರೆ, ಅಥವಾ ಒಣಗಿದ ಟೋಪಿಯ ಮೇಲೆ ಬಿಳಿ ಉಪ್ಪಿನ ಗೆರೆ ಕಂಡರೆ, ಉಪ್ಪೂ ಬೇಕು. ಬೊಂಡ (ಎಳನೀರು) ಕುಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಅದರಲ್ಲಿ ಪೊಟ್ಯಾಸಿಯಂ ಬೇಕಾದಷ್ಟಿದೆ, ಆದರೆ ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಓಟ ಮುಗಿದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆಯೇ ನನಗೆ ಹೆಚ್ಚು ಇಷ್ಟ. ಬಿಪಿ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದವರು ಉಪ್ಪು, ನೀರು ಎರಡರ ಬಗ್ಗೆಯೂ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ಒಂದು ವಿಷಯ ದಯವಿಟ್ಟು ನೆನಪಿಡಿ: ಓಡಿ ಬಂದ ಮೇಲೆ ತೂಕ ಏರಿದ್ದರೆ ನೀವು ಕುಡಿದದ್ದು ಅತಿಯಾಯಿತು. ಅತಿಯಾದ ನೀರಿನಿಂದ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗಬಹುದು. ಜೊತೆಗಾರರು ತಡವರಿಸುತ್ತಾ ಮಾತಾಡಿದರೆ ಬಾಯಿಗೆ ನೀರು ಸುರಿಯಬೇಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಸಿಲಿನ ಹೊಡೆತವಾದರೂ ಲಕ್ಷಣ ಹೀಗೆಯೇ ಇರುತ್ತದೆ. ಮೈ ಕೆಂಡದಂತೆ ಸುಡುತ್ತಿದ್ದರೆ ವಾಹನ ಬರುವವರೆಗೆ ನೆರಳಲ್ಲಿ ಮಲಗಿಸಿ, ಮೈಮೇಲೆ ತಣ್ಣೀರು ಸುರಿಯುತ್ತಾ ಗಾಳಿ ಹಾಕಿ.

ಜುಲೈ ಮಳೆಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಮತ್ತೆ ತೂಗಿ ನೋಡಿ. ಅಂಕಿ ಬದಲಾಗಿರುತ್ತದೆ.